ಮುಂದಿನ ಗಾಲಿಯ ಕೀಲೆಣ್ಣೆ

ನಾನು ನಿಂತದ್ದು ಬೈಲಹೊಂಗಲದಲ್ಲಿ, ಸವದತ್ತಿ ರಸ್ತೆಗೆ ಹತ್ತಿಕೊಂಡಿದ್ದ ಇಮಾಮಸಾಬ ಮಿಸ್ತ್ರಿಯವರ ತಗಡಿನ ಶೆಡ್ಡಿನ ಮುಂದೆ, ನಮ್ಮ ಜೀಪಿನ ಎಡಗಡೆಯ ಮುಂದಿನ ಗಾಲಿಯಿಂದ ಒಂದು ಮಾರು ದೂರದಲ್ಲಿ. ತೊಂಬತ್ತರ ದಶಕದ ನಡುವಿನ ಒಂದು ವರ್ಷ. ಮಹಾನವಮಿ ಮುಗಿದಿತ್ತು, ದೀಪಾವಳಿ ಇನ್ನೂ ಬಂದಿರಲಿಲ್ಲ. ನಾನು ಐದನೇ ಇಯತ್ತೆಯಲ್ಲಿದ್ದೆ. ಹೊತ್ತು ನೆತ್ತಿಯಿಂದ ಆಗತಾನೇ ಪಡುವಣಕ್ಕೆ ವಾಲಿತ್ತು. ಬೇವಿನ ಗಿಡದ ನೆರಳು ಹೊರಸಿನ ತನಕ ಇನ್ನೂ ಬಂದಿರಲಿಲ್ಲ, ಆದ್ದರಿಂದಲೇ ನಾನು ಛತ್ರಿ ಹಿಡಿದು ನಿಂತಿದ್ದೆ. ಛತ್ರಿಯ ಕೆಳಗೆ ಹೊರಸಿನ ಮೇಲೆ ನನ್ನ ಅಪ್ಪನ ತಂಗಿ, ಗಂಗತ್ತಿ, ಕಾಲು ಇಳಿಬಿಟ್ಟು ಕೂತಿದ್ದಳು. ಆಕೆ ತುಂಬು ಬಸುರಿ. ಬಿಚ್ಚಿದ ಗಾಲಿಯ ಜಾಗದಲ್ಲಿ ಇಮಾಮಸಾಬರು ಮೊಣಕಾಲೂರಿದ್ದರು. ಅವರ ಬೆನ್ನ ಹಿಂದೆ ಬಾಗಿ ನೋಡುತ್ತಿದ್ದವನು ಶಂಕರ ಕಾಕಾ, ಅಪ್ಪನ ತಮ್ಮ, ಜೀಪು ಓಡಿಸುವವನು. ಬೇವಿನ ಬೊಡ್ಡೆಗೆ ಕೈಯೂರಿ, ಮುಖ ರಸ್ತೆಯ ಕಡೆ ಮಾಡಿ, ನನ್ನ ಮುತ್ಯಾ, ಅಪ್ಪನ ಅಪ್ಪ, ನಿಂತಿದ್ದ. ಇಮಾಮಸಾಬರು ಗಾಲಿಯ ಹಿಂದಿನ ಕಬ್ಬಿಣದ ಗುಂಡನ್ನು ಬಿಚ್ಚಿ ಅದರ ಮುಖವನ್ನು ಸಾವಕಾಶವಾಗಿ ಎಳೆದರು. ಕಣ್ಣಿಗೆ ಏನಾದರೂ ಕಾಣುವ ಮೊದಲು ವಾಸನೆ ಬಂತು. ಕಾದು ಆರಿದ ಔಡಲ ಎಣ್ಣೆ, ಅದರೊಳಗೆ ಸುಟ್ಟ ಹುಲ್ಲು.

ಈ ವರ್ಷ ನಮ್ಮ ಮನೆಯ ಕೂಸಿನ ನೆತ್ತಿಗೆಂದು ತಂದ ಹರಳೆಣ್ಣೆ, ಅದೇ ಔಡಲ ಎಣ್ಣೆ, ಒಲೆಯ ಮೇಲಿನ ಹಂಚಿಗೆ ಚೆಲ್ಲಿ ಹೊಗೆಯಾಡಿದಾಗ ನಾನು ಕೈಯಲ್ಲಿದ್ದುದನ್ನು ಬಿಟ್ಟು ಗೋಡೆ ಹಿಡಿದು ನಿಂತುಬಿಟ್ಟೆ. ಮನೆಯವರು ತಲೆ ತಿರುಗಿತೇನೋ ಎಂದುಕೊಂಡರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬೇರೆ ಮಾಡಿ ಹೇಳುತ್ತೇನೆ.

ನಮ್ಮ ಮನೆ ಚಚಡಿಯ ಕಡೆಯ ಒಂದು ಸಣ್ಣ ಊರಲ್ಲಿತ್ತು. ಸುತ್ತಲೂ ಎರೆ ಹೊಲ. ಮನೆಯ ಎಡಕ್ಕೆ ಬಂಡಿ ನಿಲ್ಲಿಸುವ ಚಪ್ಪರ, ಅದರ ಕಂಬಕ್ಕೆ ಒಂದು ಎತ್ತಿನ ಕೋಡು ನೇತುಬಿದ್ದಿರುತ್ತಿತ್ತು. ಕೋಡಿನ ತುಂಬ ಕೀಲೆಣ್ಣೆ. ನಿಮ್ಮ ಮನೆಯಲ್ಲೂ ಬಂಡಿ ಇದ್ದಿದ್ದರೆ ನಿಮಗೆ ಗೊತ್ತಿರುತ್ತದೆ: ಒಣಹುಲ್ಲನ್ನು ಸುಟ್ಟು ಕರಿ ಮಾಡಿ, ಬೆರಳಿಂದ ನುರಿಸಿ, ಔಡಲ ಎಣ್ಣೆಯಲ್ಲಿ ಕಲಸಿ, ರಾಗಿ ಅಂಬಲಿಯಷ್ಟು ಗಟ್ಟಿ ಮಾಡಿ ಗಾಲಿಯ ಅಚ್ಚಿಗೆ ಬಳಿಯುವುದು. ಅಮಾವಾಸ್ಯೆಯ ದಿನ ನಮ್ಮ ಕಡೆ ಎತ್ತು ಹೂಡುವುದಿಲ್ಲ. ಆ ದಿನ ಎತ್ತಿಗೆ ಮೈ ತೊಳೆಯುವುದು, ಬಂಡಿಗೆ ಎಣ್ಣೆ ಹಾಕುವುದು. ಮುತ್ಯಾ ಅವತ್ತು ಬೆಳಿಗ್ಗೆ ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ಮಡಿ ಧೋತರದ ಕಚ್ಚೆ ಮೇಲಕ್ಕೆ ಸಿಗಿಸಿ ಚಪ್ಪರಕ್ಕೆ ಹೋಗುತ್ತಿದ್ದ. ಗಾಲಿ ಜಾರದಂತೆ ಹಾಕಿದ ಕಡಾಣಿಯನ್ನು ಕಲ್ಲಿನಿಂದ ತಟ್ಟಿ ತೆಗೆದು, ಗಾಲಿಯನ್ನು ಹೊಟ್ಟೆಗೆ ಆನಿಸಿಕೊಂಡು ಹೊರಗೆಳೆದು, ಅಚ್ಚನ್ನು ಹಳೆ ಸೀರೆಯ ಚಿಂದಿಯಿಂದ ಒರೆಸಿ, ಆಮೇಲೆ ಎರಡು ಬೆರಳಿನಿಂದ ಎಣ್ಣೆ ಬಳಿಯುತ್ತಿದ್ದ. ಆ ಹೊತ್ತಿಗೆ ಅವನನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಮುಗಿದ ಮೇಲೆ ಗಾಲಿಯನ್ನು ಒಮ್ಮೆ ತಿರುಗಿಸಿ ಬಿಡುತ್ತಿದ್ದ. ಅದು ಸಪ್ಪಳವಿಲ್ಲದೆ ತಿರುಗಿ ತಿರುಗಿ ತಾನಾಗಿ ನಿಲ್ಲುವ ತನಕ ನೋಡುತ್ತ ಕೂಡುತ್ತಿದ್ದ. "ಎಣ್ಣಿ ಆರಿದ ಗಾಲಿ ಚೀರತೈತಿ, ಹಸದ ಕೂಸಿನಂಗ. ಚೀರೂ ತನಕಾ ಬಿಡಬಾರ್ದು," ಎನ್ನುತ್ತಿದ್ದ. ನಂತರ ಅವನ ಕೈ ಎಷ್ಟು ತೊಳೆದರೂ ಎರಡು ದಿನ ಅದೇ ವಾಸನೆ. ಅವನು ತುತ್ತು ಮಾಡಿ ಕೊಟ್ಟ ಜೋಳದ ರೊಟ್ಟಿಯಲ್ಲೂ ಅದೇ ವಾಸನೆ ಇರುತ್ತಿತ್ತು, ನಾವು ಮಕ್ಕಳು ಅದನ್ನು ಅಮಾವಾಸ್ಯೆಯ ರುಚಿ ಎಂದೇ ತಿಳಿದಿದ್ದೆವು.

ಇನ್ನು ಮುಂದಿನದು ನಾನು ಕಂಡದ್ದಲ್ಲ, ಅವ್ವ ಹೇಳಿದ್ದು. ನಾನು ಸಣ್ಣ ಸಾಲಿಯಲ್ಲಿದ್ದಾಗ ಗಂಗತ್ತಿ ಚೊಚ್ಚಲ ಹೆರಿಗೆಗೆಂದು ರಾಮದುರ್ಗದ ಗಂಡನ ಮನೆಯಿಂದ ನಮ್ಮ ಮನೆಗೆ ಬಂದಿದ್ದಳು. ಶ್ರಾವಣದ ಜಡಿ ಮಳೆ. ಒಂದು ಮುಂಜಾನೆ ಆಕೆಗೆ ಬೇನೆ ಕಾಣಿಸಿತು. ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ, ದವಾಖಾನೆಗೆ ಒಯ್ಯಿರಿ ಎಂದಳು. ಮುತ್ಯಾ ಬಂಡಿ ಹೂಡಿ, ಮೇಲೆ ಕಂಬಳಿ ಕಟ್ಟಿ, ಮಗಳನ್ನು ಮಲಗಿಸಿಕೊಂಡು ಬೈಲಹೊಂಗಲದ ದಾರಿ ಹಿಡಿದ. ಊರು ದಾಟಿದ ಮೇಲಿನ ಎರೆ ನೆಲದಲ್ಲಿ ಗಾಲಿ ಅಚ್ಚಿನ ತನಕ ಹುಗಿದವು. ಎತ್ತು ಮೊಣಕಾಲೂರಿದವು. ಹೊಲದವರು ಬಂದು ಹೆಗಲು ಕೊಟ್ಟು ಬಂಡಿ ಎತ್ತುವಷ್ಟರಲ್ಲಿ ಮಧ್ಯಾಹ್ನ. ಗಂಗತ್ತಿ ಉಳಿದಳು, ಕೂಸು ಉಳಿಯಲಿಲ್ಲ.

ಆ ವರ್ಷದ ಸುಗ್ಗಿ ಮುಗಿದ ಮೇಲೆ ಮುತ್ಯಾ ಯಾರನ್ನೂ ಕೇಳದೆ ಎತ್ತುಗಳನ್ನು ಬೈಲಹೊಂಗಲದ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿ ಬಂದ. ಬರಿ ಹಗ್ಗ ಹಿಡಿದು ಬಂದದ್ದನ್ನು ನಾನು ಕಂಡಿದ್ದೇನೆ. ಕಟ್ಟೆಯ ಮೇಲೆ ಕೂತು ಕಾಕಾನನ್ನು ಕರೆದು, "ನಾಕೂ ಗಾಲಿ ಜಗ್ಗೂ ಗಾಡಿ ಇರತೈತಂತಲ್ಲ, ಅದನ್ನ ತಾ," ಎಂದ. ಅಷ್ಟೇ. ಕಾಕಾ ಹಳೆಯ ಜೀಪೊಂದನ್ನು ಹರಾಜಿನಲ್ಲಿ ಹಿಡಿದು ತಂದ. ಹಸಿರು ಬಣ್ಣ, ಅಲ್ಲಲ್ಲಿ ಅದರ ಕೆಳಗಿನ ಇನ್ನೊಂದು ಹಸಿರು. ಸಣ್ಣ ಗೇರಿನ ಕೋಲೊಂದನ್ನು ಎಳೆದರೆ ಮುಂದಿನ ಎರಡು ಗಾಲಿಗೂ ಜೀವ ಬಂದು, ಕೆಸರಿನಲ್ಲಿ ಅದು ಎಮ್ಮೆಯ ಹಾಗೆ ಏಳುತ್ತಿತ್ತು. ಮೊದಲ ಮಳೆಗಾಲದಲ್ಲಿ ಮುತ್ಯಾ ಕಾಕಾನಿಗೆ ಹೇಳಿ ಬಂಡಿ ಹುಗಿದ ಅದೇ ಜಾಗಕ್ಕೆ ಜೀಪು ಇಳಿಸಿದ. ಅದು ದಾಟಿತು. "ಮತ್ತೊಮ್ಮೆ," ಎಂದ. ಮತ್ತೆ ದಾಟಿತು. ಅವತ್ತು ಮನೆಗೆ ಬಂದು ಎರಡು ರೊಟ್ಟಿ ಹೆಚ್ಚು ಉಂಡ ಎಂದು ಅವ್ವ ನಗುತ್ತಿದ್ದಳು.

ಬಂಡಿಯ ಚಪ್ಪರವೇ ಜೀಪಿನ ಚಪ್ಪರವಾಯಿತು. ಅಮಾವಾಸ್ಯೆಯ ದಿನ ಜೀಪು ಹೊರಗೆ ತೆಗೆಯಲು ಮುತ್ಯಾ ಬಿಡುತ್ತಿರಲಿಲ್ಲ. ಕಾಕಾ ಚಾಷ್ಟಿ ಮಾಡುತ್ತಿದ್ದ: "ಯಪ್ಪಾ, ಇದಕ್ಕ ಹಿಂಡಿ ಇಡಬೇಕೊ, ಹತ್ತಿಕಾಳ ಇಡಬೇಕೊ?" ಮುತ್ಯಾ ಸಿಟ್ಟಾಗುತ್ತಿರಲಿಲ್ಲ. "ದುಡದದ್ದಕ್ಕ ಒಂದ ದಿನಾ ಬಿಡುವ ಬೇಕೋ, ಶಂಕ್ರಾ. ನಿನಗ ಬ್ಯಾಡಾದ್ರ ನೀ ದುಡಿ," ಎನ್ನುತ್ತಿದ್ದ. ಆ ದಿನ ಬೆಳಿಗ್ಗೆ ಅವನು ಮೊದಲಿನಂತೆಯೇ ಜಳಕ ಮಾಡಿ, ಕಚ್ಚೆ ಸಿಗಿಸಿ ಚಪ್ಪರಕ್ಕೆ ಹೋಗುತ್ತಿದ್ದ. ಧೂಳು ಒರೆಸುತ್ತಾನೆ, ಕುಂಕುಮ ಹಚ್ಚುತ್ತಾನೆ ಎಂದು ನಾವೆಲ್ಲ ತಿಳಿದಿದ್ದೆವು. ಅವನಿಗೆ ಹೋಗಲು ಬೇರೆ ಜಾಗವಿರಲಿಲ್ಲ.

ಸಪ್ಪಳ ಶುರುವಾದದ್ದು ಗಂಗತ್ತಿಯ ಎರಡನೇ ಬಸಿರಿನ ವರ್ಷ. ಕಿತ್ತೂರಿನಿಂದ ಬರುವಾಗ ದೇಗಾಂವದ ತಿರುವಿನಲ್ಲಿ ಮೊದಲು ಕೇಳಿದೆ ಎಂದು ಕಾಕಾ ಹೇಳುತ್ತಿದ್ದ. ಮುಂದಿನ ಗಾಲಿಯ ಕಡೆಯಿಂದ ಕಟ್, ಕಟ್, ಕಟ್. ಯಾರೋ ಒಳಗೆ ಕೂತು ಹುರಿಗಡಲೆ ಕಡಿದ ಹಾಗೆ. ನೆಟ್ಟಗೆ ಹೋದರೆ ಸುಮ್ಮನೆ, ಹೊರಳಿಸಿದರೆ ಮತ್ತೆ. ಕಿತ್ತೂರಿನಲ್ಲಿ ಒಬ್ಬ ಮಿಸ್ತ್ರಿ ಕೆಳಗೆ ಮಲಗಿ ನೋಡಿ ಸ್ಪ್ರಿಂಗ್ ಪಾಟಾದ ರಬ್ಬರ್ ಬುಶ್ಶು ಬದಲಿಸಿ ಕಳಿಸಿದ. ಸಪ್ಪಳ ಹಾಗೆಯೇ ಉಳಿಯಿತು. ಅಮಾವಾಸ್ಯೆ ಕಳೆದ ಮೇಲೆ ಇನ್ನಷ್ಟು ಜೋರಾಯಿತು.

ಮಹಾನವಮಿಗೆ ಗಂಗತ್ತಿ ಬಂದಳು. ಸವದತ್ತಿ ಬಸ್‌ಸ್ಟ್ಯಾಂಡಿನಿಂದ ಆಕೆಯನ್ನು ಕರೆತರಲು ಜೀಪಿನಲ್ಲಿ ನಾನೂ ಹೋಗಿದ್ದೆ. ಆಕೆಯ ಗಂಡ, ನನ್ನ ಮಾವ, ಆಕೆಯನ್ನು ಹತ್ತಿಸಿ, ಜೊತೆಗೆ ಕೂತ. ಅವನು ಮಗ್ಗದವನು, ಸಪ್ಪಳದ ನಡುವೆಯೇ ಬೆಳೆದವನು. ಮೊದಲ ತಿರುವಿನಲ್ಲೇ ಕಿವಿ ನಿಮಿರಿಸಿ, "ಶಂಕ್ರಣ್ಣಾ, ಲಾಳಿ ಬಡ್ಯೂ ಕೋಲ ಸೀಳಿದ್ರ ಹಿಂಗ ಸಪ್ಪಳಾ ಬರತೈತಿ. ಮುರಿಯೂಕಿಂತ ಮದಲ," ಎಂದ. ಗಂಗತ್ತಿ ನನ್ನ ಕೈ ಹಿಡಿದಿದ್ದಳು, ಕಟ್ ಅಂದಾಗೊಮ್ಮೆ ಆಕೆಯ ಬೆರಳು ಬಿಗಿಯುತ್ತಿದ್ದವು. ಊರ ಕಡೆ ಹೊರಳುವ ಜಾಗದಲ್ಲಿ ಸಪ್ಪಳ ಎಷ್ಟು ಜೋರಾಯಿತೆಂದರೆ ಕಾಲಡಿಯ ತಗಡು ನಡುಗಿತು. "ನಿಂದರಸು," ಎಂದಳು. ಇಳಿದು ಉಳಿದ ದಾರಿಯನ್ನು ನಡೆದೇ ಬಂದಳು. ಆ ಹೊಟ್ಟೆ ಹೊತ್ತು, ಆ ಬಿಸಿಲಲ್ಲಿ. ನಾನು ಜೊತೆಗೆ ನಡೆದೆ. ಜೀಪು ನಮ್ಮ ಹಿಂದೆ ತಪ್ಪು ಮಾಡಿದ ನಾಯಿಯಂತೆ ಮೆಲ್ಲಗೆ ಬರುತ್ತಿತ್ತು.

ರಾತ್ರಿಯ ಊಟಕ್ಕೆ ಮೊದಲು ಪಡಸಾಲೆಯಲ್ಲಿ ಆಕೆ ಮುತ್ಯಾನ ಎದುರಿಗೇ ಹೇಳಿದಳು, "ಯಪ್ಪಾ, ನಾ ಆ ಗಾಡ್ಯಾಗ ಕೂಡೂದಿಲ್ಲ. ರಾಮದುರ್ಗದಾಗ ಮನಿ ಮಗ್ಗಲಕ್ಕ ದವಾಖಾನಿ ಐತಿ. ನಾ ಹೊಳ್ಳಿ ಹೋಗತೇನಿ."

ಮಗಳು ತವರಿಗೆ ಬಂದು ಹಡೆಯದೆ ಹಿಂದಿರುಗುವುದು ನಮ್ಮ ಮನೆತನದಲ್ಲಿ ನಡೆದಿರಲಿಲ್ಲ. ಅದರಲ್ಲೂ ಹಿಂದೊಮ್ಮೆ ಹಾಗಾದ ಮೇಲೆ. ಮುತ್ಯಾನ ಬಾಯಲ್ಲಿ ತಂಬಾಕಿನ ಎಲೆಯಿತ್ತು. ಅದನ್ನು ಉಗುಳಿ ಬಂದು ಕೂತ. "ಆ ಸಪ್ಪಳಾ ನಿಲ್ಲಲಿ. ನಿಂತ ಮ್ಯಾಲೂ ನಿನಗ ಹೋಗಬೇಕ ಅನಿಸಿದ್ರ ನಾನ ಕಳಸತೇನಿ," ಎಂದ. ಅವನ ದನಿ ನಾನು ಹಿಂದೆಂದೂ ಕೇಳಿರದಷ್ಟು ಸಣ್ಣದಾಗಿತ್ತು.

ಹೀಗೆ ನಾವು ಬೈಲಹೊಂಗಲಕ್ಕೆ ಬಂದದ್ದು. ಮಾವ ಮಗ್ಗದ ಕೆಲಸಕ್ಕೆ ಊರಿಗೆ ಮರಳಿದ್ದ. ಗಂಗತ್ತಿಯನ್ನು ಡಾಕ್ಟರಬಾಯಿಗೆ ತೋರಿಸುವುದಿತ್ತು, ಆಕೆ ಬಸ್ಸಿಗೇ ಹೊರಟಳು, ಬಸುರಿಯನ್ನು ಒಬ್ಬಳನ್ನೇ ಬಿಡಬಾರದೆಂದು ನನ್ನನ್ನು ಕಳಿಸಿದರು. ಕಾಕಾ ಮತ್ತು ಮುತ್ಯಾ ಜೀಪಿನಲ್ಲಿ ಇಮಾಮಸಾಬರ ಶೆಡ್ಡಿಗೆ ಹೋದರು. ದವಾಖಾನೆ ಮುಗಿಸಿ ನಾವಿಬ್ಬರೂ ಅಲ್ಲಿಗೆ ಬಂದಾಗ ಇಮಾಮಸಾಬರು ಇನ್ನೂ ಬೇರೊಂದು ಟ್ರ್ಯಾಕ್ಟರಿನ ಕೆಳಗಿದ್ದರು. ಗಂಗತ್ತಿಯನ್ನು ಕಂಡು ತಾವೇ ಹೊರಸು ತಂದು ಹಾಕಿದರು. ಆಮೇಲೆ ಕೈ ಒರೆಸಿಕೊಳ್ಳುತ್ತ ಕಾಕಾನ ಕಡೆ ತಿರುಗಿ, "ಏನಂತೈತಿ ನಿಮ್ಮ ಕುದರಿ?" ಎಂದರು.

"ಹಲ್ಲ ಕಡ್ಯಾಕತ್ತೈತಿ ಮಾಮಾ. ಎಡಕ್ಕ ಹೊಳ್ಳಿಸಿದ್ರ ಭಾಳ. ಕಿತ್ತೂರಾಗ ತೋರಿಸಿದೆ, ಪಾಟಾದ ಬುಶ್ ಹೊಸಾವ ಹಾಕಿದ್ರು."

"ಹಲ್ಲ ಬ್ಯಾನಿಗೆ ಹೋಗಿ ಕಿವಿ ಚುಚ್ಚಸ್ಕೊಂಡ ಬಂದಂಗಾತು. ನಡಿ, ಹಿಂದಿನ ಬೈಲಿಗೆ ಒಯ್ಯಿ."

ಶೆಡ್ಡಿನ ಹಿಂದೆ ಹತ್ತಿಯ ಗಾಡಿಗಳು ನಿಲ್ಲುವ ಬಯಲಿತ್ತು. ಅಲ್ಲಿ ಕಾಕಾನಿಗೆ ನಾಲ್ಕೂ ಗಾಲಿಯ ಗೇರು ಹಾಕಿಸಿ, ಸ್ಟೇರಿಂಗು ಪೂರಾ ಎಡಕ್ಕೆ ಹೊರಳಿಸಿ, "ಕೂಸು ಅಂಬೆಗಾಲ ಇಡತೈತಲ್ಲ, ಹಂಗ ಹೋಗು," ಎಂದರು. ಜೀಪು ಗಾಣದ ಎತ್ತಿನ ಹಾಗೆ ಸುತ್ತಿತು. ಇಮಾಮಸಾಬರು ಬಾಗಿ, ಒಂದು ಅಂಗೈಯನ್ನು ಮಡ್‌ಗಾರ್ಡಿನ ಮೇಲಿಟ್ಟು ಅದರ ಜೊತೆಗೇ ನಡೆದರು. ಕಟ್, ಕಟ್, ಕಟ್. ಗಾಲಿ ಜೋರಾದರೆ ಅದೂ ಜೋರು, ಗಾಲಿ ನಿಧಾನವಾದರೆ ಅದೂ ನಿಧಾನ. ಬಲಕ್ಕೆ ಸುತ್ತಿಸಿದರು, ಸಪ್ಪಳ ಕ್ಷೀಣವಾಯಿತು. ಮತ್ತೆ ಎಡಕ್ಕೆ. ಆಮೇಲೆ ಶೆಡ್ಡಿನ ಮುಂದೆ ತಂದು ಜಾಕು ಕೊಟ್ಟು ಗಾಲಿ ಎತ್ತಿದರು. ಗಾಲಿಯನ್ನು ಮೇಲೆ ಒಂದು ಕೈ ಕೆಳಗೆ ಒಂದು ಕೈ ಹಿಡಿದು ಅಲುಗಿಸಿದರು, ಅಲುಗಲಿಲ್ಲ. ಎರಡು ಮಗ್ಗುಲು ಹಿಡಿದು ಅಲುಗಿಸಿದರು, ಅಲುಗಲಿಲ್ಲ. ತಿರುಗಿಸಿ ಬಿಟ್ಟು ಕಿವಿಗೊಟ್ಟರು. ಗಾಲಿ ಸಲೀಸಾಗಿ ತಿರುಗಿತು. ಆಗ ಮುತ್ಯಾ ಗಿಡದ ಬುಡದಿಂದ ಎರಡು ಹೆಜ್ಜೆ ಮುಂದೆ ಬಂದಿದ್ದ, ಗಾಲಿ ನಿಲ್ಲುವ ತನಕ ನೋಡಿ ಮತ್ತೆ ಹಿಂದೆ ಸರಿದ.

"ಬೇರಿಂಗ ಅಲ್ಲ," ಎಂದರು ಇಮಾಮಸಾಬರು. "ಬೇರಿಂಗ ಹ್ವಾದ್ರ ಗಾಲಿ ಅಳ್ಳಾಡತೈತಿ, ನೆಟ್ಟಗ ಹೋಗೂವಾಗೂ ಗುಂಯ್ ಅಂತೈತಿ. ಇದು ಹೊಳ್ಳಿದಾಗಷ್ಟ ಅಳತೈತಿ." ತಮ್ಮ ತೋಳನ್ನು ಚಾಚಿ ಮೊಣಕೈ ಮಡಚಿ ತೋರಿಸಿದರು. ಮುಂದಿನ ಗಾಲಿ ಹೊರಳಲೂ ಬೇಕು, ಹೊರಳುತ್ತಲೇ ಎಳೆಯಲೂ ಬೇಕು. ಅದಕ್ಕೆ ಅಚ್ಚಿನ ತುದಿಯ ಗುಂಡಿನೊಳಗೆ ಮೊಣಕೈಯಂಥ ಒಂದು ಕೀಲು, ಅದಕ್ಕೆ ಕ್ರಾಸ್ ಎನ್ನುತ್ತಾರೆ. "ಮೊಣಕೈಯಾಗ ಬ್ಯಾನಿ ಐತಿ. ಬಿಚ್ಚಬೇಕು."

ಬಿಚ್ಚುವುದು ತಡವಾಯಿತು. ಗಂಗತ್ತಿ ಹೊರಸಿನ ಮೇಲಿಂದ, "ಮಿಸ್ತ್ರಿಯವರ, ಇಷ್ಟೊತ್ತು ಏನ್ರಿ? ಗಾಡಿ ಹೆರಿಗಿ ಮಾಡಸಾಕತ್ತೀರೇನು?" ಎಂದಳು.

"ಇದರದ ಮದಲ ಆಗಲಿ ತಂಗಿ, ನಿಂದು ಆಮ್ಯಾಲ. ಇದಕ್ಕ ನಿನ್ನಷ್ಟ ತಾಳ್ಮಿ ಇಲ್ಲ."

ಕಾಕಾ ನಕ್ಕ. ಗಂಗತ್ತಿಯೂ ನಕ್ಕಳು. ಅದಾದ ಮೇಲೆಯೇ ಗುಂಡು ತೆರೆದದ್ದು, ವಾಸನೆ ಬಂದದ್ದು.

ನಾನು ಕಂಡದ್ದು ಇದು. ಗುಂಡಿನ ಒಳಗೆ ಕಪ್ಪಗೆ, ಅಂಟಂಟಾಗಿ, ಸಾಣೆಕಲ್ಲಿನ ಕೆಸರಿನಂಥದ್ದೊಂದು ತುಂಬಿತ್ತು. ಇಮಾಮಸಾಬರು ಅಚ್ಚಿನ ತುಂಡನ್ನು ಹೊರಗೆಳೆದಾಗ ಕ್ರಾಸಿನ ಬಟ್ಟಲಿನಿಂದ ಸೂಜಿಯಂಥ ಸಣ್ಣ ಉಕ್ಕಿನ ಕಡ್ಡಿಗಳು ಉದುರಿದವು. ಸವೆದು, ಮುರಿದು, ಜೋಳದ ನುಚ್ಚಿನಂತಾಗಿದ್ದವು. ಅವರು ಆ ಕರಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದರು. ಮೂಗಿಗೆ ಹಿಡಿದರು. ಆಮೇಲೆ ಎದ್ದು ಬಲಗಡೆಯ ಗಾಲಿಗೆ ಹೋಗಿ ಅದನ್ನೂ ಬಿಚ್ಚಿದರು. ಅಲ್ಲಿ ಮಾಮೂಲಿ ಹಳದಿ ಗ್ರೀಸು, ಒಳಗಿನ ಕೀಲು ಗಟ್ಟಿಮುಟ್ಟು. ಆ ಕಡೆಯ ಗುಂಡಿಗೆ ಎಣ್ಣೆ ಹಾಕುವ ಬಿರಡೆ ಮಾತ್ರ ಜಾಮಾಗಿತ್ತು, ಅದರ ಮೂಲೆಗಳು ಬಿಚ್ಚುವ ಪಾನಾ ಜಾರಿ ಜಾರಿ ಉರುಟಾಗಿದ್ದವು. ಯಾರೋ ಬಹಳ ಸಲ ತೆಗೆಯಲು ನೋಡಿ ಸೋತಿದ್ದರು. ಎಡಗಡೆಯ ಬಿರಡೆ ಸಲೀಸಾಗಿ ತಿರುಗುತ್ತಿತ್ತು.

ಕಾಕಾ ಬಾಗಿ, ಕರಿಯನ್ನು ಮುಟ್ಟಿ, ಮೂಸಿದ. ಮೂಸುವ ಅಗತ್ಯವಿರಲಿಲ್ಲ. ಆ ವಾಸನೆಯಲ್ಲೇ ನಾವೆಲ್ಲ ಬೆಳೆದವರು. ಗಂಗತ್ತಿ ಸೆರಗು ಮೂಗಿಗೆ ಒಯ್ದವಳು ಅಲ್ಲಿಗೇ ನಿಲ್ಲಿಸಿದ್ದಳು.

"ಇದು ನಮ್ಮ ಬಂಡಿ ಎಣ್ಣಿ," ಎಂದ ಕಾಕಾ. ಆಮೇಲೆ ತಿರುಗಿ, "ಯಪ್ಪಾ," ಎಂದ.

ಮುತ್ಯಾ ರಸ್ತೆಯನ್ನೇ ನೋಡುತ್ತಿದ್ದ. "ನಾನ ಹಾಕೇನಿ. ಅಮಾಸಿಗೊಮ್ಮೆ. ಈ ಮಿಸ್ತ್ರಿ ಒಂದ ಸಲಾ ಆ ತೂತಿನಾಗ ಗ್ರೀಸ್ ತುಂಬೂದ ನೋಡಿದ್ದೆ. ಆ ಮಗ್ಗಲದ್ದು ಬಿಚ್ಚಲಿಲ್ಲ. ಈ ಮಗ್ಗಲಿಂದಕ್ಕ ಹಾಕಿದೆ. ಸಪ್ಪಳಾ ಬಂದ ಮ್ಯಾಲೆ ಮತ್ತೀಟು ಹಾಕಿದೆ."

"ಯಾಕೋ ಯಪ್ಪಾ?" ಕಾಕಾನ ದನಿ ಏರಿತು. "ಡಬ್ಬಿ ತುಂಬ ಗ್ರೀಸ್ ಐತಿ, ನಾ ಅದೇನಿ, ಮಿಸ್ತ್ರಿ ಅದಾನ. ಬಂಡಿ ಅಚ್ಚಿಗೆ ಹಾಕೂ ಬೂದಿ ಇದರಾಗ ಹಾಕಿದ್ರ ಕೀಲು ಉಳೀತೈತೇನು? ಆಕಿನ್ನ ಹೊತ್ತಕೊಂಡ ಹೋಗೂ ಗಾಡಿ ಇದು! ದಾರ್ಯಾಗ ಮುರದಿದ್ರ..."

ಹೇಳಬಾರದ್ದನ್ನು ಅವನು ಅರ್ಧ ಹೇಳಿದ್ದ.

ಮುತ್ಯಾ ಆಗ ನಮ್ಮ ಕಡೆ ತಿರುಗಿದ. ಕಾಕಾನಿಗಲ್ಲ, ಗಂಗತ್ತಿಗೂ ಅಲ್ಲ, ನೆಲದ ಮೇಲೆ ಬಿದ್ದಿದ್ದ ಕರಿಗೆ ಹೇಳಿದ ಹಾಗೆ ಹೇಳಿದ: "ಆ ಶ್ರಾವಣದ ಹಿಂದಿನ ಅಮಾಸಿಗೆ ನಾ ಬಂಡಿಗೆ ಎಣ್ಣಿ ಹಾಕಿರಲಿಲ್ಲ. ಗಂಗಾನ್ನ ಕರಿಯಾಕ ರಾಮದುರ್ಗಕ್ಕ ಹೋಗಿದ್ದೆ. ಅಮಾಸಿ ದಿನಾ ಬಸುರಿನ್ನ ಹೊರಡಸಬಾರ್ದಂತ ಅಲ್ಲೇ ಉಳದೆ. ಬಂದ ಮ್ಯಾಲೆ ಮಳಿ ಹಿಡೀತು, ಮುಂದಿನ ಅಮಾಸಿಗೆ ಹಾಕಿದ್ರಾತು ಅಂದೆ. ಒಣಾ ಅಚ್ಚು. ಅದಕ್ಕ ಎತ್ತಿಗೆ ಜಗ್ಗಾಕ ಆಗಲಿಲ್ಲ."

ಆ ಮಾತನ್ನು ಅವನು ಅಷ್ಟು ವರ್ಷ ಎಲ್ಲಿಟ್ಟುಕೊಂಡಿದ್ದನೋ. ಎರೆ ಮಣ್ಣಿನಲ್ಲಿ ಗಾಲಿ ಹುಗಿದದ್ದನ್ನು ಇಡೀ ಊರು ಕಂಡಿತ್ತು. ಅವನೊಬ್ಬನಿಗೆ ಮಾತ್ರ ಅದು ಒಣಗಿದ ಅಚ್ಚಾಗಿ ಕಂಡಿತ್ತು. ಅವನು ಮುಂದಿನ ಗಾಲಿಯ ಬಿರಡೆಯನ್ನು ಅಮಾವಾಸ್ಯೆ ತಪ್ಪದಂತೆ ತೆರೆದದ್ದು ಅದಕ್ಕೆ.

ಗಂಗತ್ತಿ ಹೊರಸಿನಿಂದ ಎದ್ದಳು. ನಾನು ಛತ್ರಿ ಹಿಡಿದು ಹಿಂದೆ ಹೋದೆ, ಆಕೆ ಕೈಯಿಂದ ನನ್ನನ್ನು ತಡೆದು ಬಿಸಿಲಿನಲ್ಲಿ ನಡೆದಳು. ಮುತ್ಯಾನ ಎದುರಿಗೆ ನಿಂತಳು.

"ಯಪ್ಪಾ, ಅವತ್ತ ಗಾಲಿ ಚೀರಲಿಲ್ಲ."

ಅವನು ತಲೆ ಎತ್ತಿದ.

"ನಾ ಬಂಡ್ಯಾಗ ಮಲಗಿದ್ದೆ. ಗಾಲಿ ನನ್ನ ಕಿವಿ ಮಗ್ಗಲಕ್ಕ ತಿರಗತಿತ್ತು. ಎಣ್ಣಿ ಆರಿದ್ರ ಚೀರತೈತಿ ಅಂತ ನೀನ ಅಂತಿದ್ದಿ. ಮನ್ಯಾಗಿಂದ ಹುಗಿಯೂ ತನಕಾ ಒಮ್ಮೀನೂ ಚೀರಲಿಲ್ಲ. ಹಳೇ ಎಣ್ಣಿ ಇತ್ತು ಅದರಾಗ." ಕೈ ಹೊಟ್ಟೆಯ ಮೇಲಿಟ್ಟಳು. "ಮತ್ತ ಇನ್ನೊಂದ ಕೇಳು. ಬಂಡಿ ಹತ್ತೂಕಿಂತ ಮದಲ ಕೂಸು ಸುಮ್ಮಾಗಿತ್ತು. ಹಿಂದಿನ ಸಂಜಿಂದ ಮಿಸುಕಿರಲಿಲ್ಲ. ನನಗ ಗೊತ್ತಿತ್ತು. ಯಾರ ಮುಂದೂ ಅನ್ನಲಿಲ್ಲ. ನೀ ಮಳ್ಯಾಗ ತೋಯ್ಸ್‌ಕೊಂಡು, ಎತ್ತಿಗೆ ಅಪ್ಪಾ ಅಣ್ಣಾ ಅಂತ ಹೊಡ್ಯಾಕತ್ತಿದ್ದಿ. ನಿನಗ ಹೆಂಗ ಹೇಳಲಿ, ಅವಸರಾ ಮಾಡಬ್ಯಾಡ ಅಂತ?"

ರಸ್ತೆಯಲ್ಲಿ ಒಂದು ಬಸ್ಸು ಹೋಯಿತು. ಇಮಾಮಸಾಬರು ಕೈಯಲ್ಲಿದ್ದ ಪಾನಾವನ್ನು ಸಪ್ಪಳವಾಗದಂತೆ ಕೆಳಗಿಟ್ಟರು. ಮುತ್ಯಾ ನೆಲಕ್ಕೆ ಮಲಗಿಸಿದ್ದ ಗಾಲಿಯ ಮೇಲೆ ಕೂತುಬಿಟ್ಟ. ಅಳಲಿಲ್ಲ. ಅಂಗೈಗಳನ್ನು ಮೇಲೆ ಮಾಡಿ ನೋಡಿಕೊಂಡ. "ಹೌದೇನವ್ವಾ," ಎಂದ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ, "ಹೌದೇನವ್ವಾ," ಎಂದ. ಗ್ರಾಮದೇವತೆಯ ಮುಂದೆ ಕೇಳಿದ ಪ್ರಶ್ನೆಗೆ ಹೂವು ಬಿದ್ದಾಗ ಮುದುಕರು ಆ ದನಿಯಲ್ಲಿ ಮಾತಾಡುವುದನ್ನು ನಾನು ಕೇಳಿದ್ದೇನೆ. ಗಂಗತ್ತಿ ತನ್ನ ಸೆರಗಿನಿಂದ ಅವನ ಬೆರಳಿನ ಒಂದೊಂದೇ ಸಂದನ್ನು ಒರೆಸಿದಳು. ಕಾಕಾ ಆ ಕಡೆ ಮುಖ ಮಾಡಿ ನಿಂತಿದ್ದ, ಅವನ ಬೆನ್ನು ಅಲುಗುತ್ತಿತ್ತು.

ಕೊನೆಗೆ ಮಾತಾಡಿದವರು ಇಮಾಮಸಾಬರು. "ಶಂಕ್ರಾ, ಬಜಾರಕ್ಕ ನಡಿ. ಹೊಸಾ ಕ್ರಾಸ್, ಸೀಲ್ ತಾ. ನಿಂತ್ರ ಹೊತ್ತ ಮುಳಗತೈತಿ." ಕಾಕಾ ಹೋದ ಮೇಲೆ ಚಿಮಣಿ ಎಣ್ಣೆಯ ಬೋಗುಣಿ ಮುತ್ಯಾನ ಮುಂದೆ ತಂದಿಟ್ಟು, "ಬರ್ರಿ ಅಜ್ಜಾರ, ಇದನ್ನ ತೊಳ್ಯೂಣು. ಒಂದ ಕಾಳ ಕರಿ ಉಳಿಬಾರ್ದು," ಎಂದರು. ಇಬ್ಬರೂ ಕೂತು ಗುಂಡಿನ ಒಳಮೈಯನ್ನು ತೊಳೆದರು, ಒರೆಸಿದರು, ಮತ್ತೆ ತೊಳೆದರು. ಮುತ್ಯಾ ಬೆರಳು ಒಳಗೆ ಆಡಿಸಿ, ಹೊರಗೆ ತೆಗೆದು ಬೆಳಕಿಗೆ ಹಿಡಿದು ನೋಡಿ, "ಇನ್ನೂ ಐತಿ," ಎನ್ನುತ್ತಿದ್ದ. ಇಮಾಮಸಾಬರು ಚಿಂದಿ ಕೊಡುತ್ತಿದ್ದರು. ಕಾಕಾ ಬಂದ. ಹೊಸ ಕ್ರಾಸನ್ನು ಇಮಾಮಸಾಬರು ಕೂರಿಸಿದರು, ಅಚ್ಚನ್ನು ಒಳಗೆ ತಳ್ಳಿದರು. ಗ್ರೀಸಿನ ಡಬ್ಬಿಯ ಮುಚ್ಚಳ ತೆಗೆದವರು ತುಂಬಲಿಲ್ಲ. ಗಂಗತ್ತಿ ಅದನ್ನು ಅವರ ಕೈಯಿಂದ ತೆಗೆದುಕೊಂಡು ಮುತ್ಯಾನ ಮಡಿಲಲ್ಲಿ ಇಟ್ಟಳು.

"ನೀನ ತುಂಬು, ಯಪ್ಪಾ."

ಅವನು ಇಮಾಮಸಾಬರ ಮುಖ ನೋಡಿದ. ಅವರು, "ಅರ್ಧಾ ಆಗೂ ತನಕ. ನಾ ಸಾಕಂದಾಗ ಸಾಕ್ರಿ," ಎಂದರು. ಮುತ್ಯಾ ಎರಡು ಬೆರಳಿನಿಂದ ತುಂಬಿದ, ಬಂಡಿಯ ಅಚ್ಚಿಗೆ ಬಳಿಯುವಂತೆಯೇ. ಅವನ ಕೈ ನಡುಗುತ್ತಿತ್ತು. ಸಾಕು ಎಂದಾಗ ನಿಲ್ಲಿಸಿದ. ಗಾಲಿ ಕೂರಿಸಿದ ಮೇಲೆ, ಜಾಕು ಇಳಿಸುವ ಮೊದಲು, ಇಮಾಮಸಾಬರು ಹಿಂದೆ ಸರಿದು ಅವನಿಗೆ ಜಾಗ ಬಿಟ್ಟರು. ಅವನು ಗಾಲಿಯನ್ನು ತಿರುಗಿಸಿ ಬಿಟ್ಟ. ನಾವೆಲ್ಲರೂ ಅದು ನಿಲ್ಲುವ ತನಕ ನೋಡಿದೆವು.

ಹಿಂದಿನ ಬಯಲಿನಲ್ಲಿ ಸುತ್ತಿಸಿ ನೋಡೋಣ ಎಂದು ಕಾಕಾ ಸ್ಟೇರಿಂಗಿಗೆ ಹತ್ತಿದ. ಗಂಗತ್ತಿ ಯಾರನ್ನೂ ಕೇಳದೆ ಹೋಗಿ ಮುಂದಿನ ಎಡಗಡೆಯ ಸೀಟಿನಲ್ಲಿ, ಆ ಗಾಲಿಯ ಮೇಲಕ್ಕೇ ಕೂತಳು. "ಪೂರಾ ಎಡಕ್ಕ ಹೊಳ್ಳಸು," ಎಂದಳು. ಜೀಪು ಒಂದು ಸುತ್ತು ಹಾಕಿತು. ಇನ್ನೊಂದು ಹಾಕಿತು. ಎಂಜಿನ್ನಿನ ದನಿ, ಟಾಯರಿನಡಿಯ ಹರಳಿನ ದನಿ, ಅಷ್ಟೇ. "ಇವತ್ತ ಬಸ್ಸಿಗೆ ಯಾರ ಹೋಗ್ತಾರ, ಕುಂಡಿ ಹಣ್ಣಾಗತಾವ," ಎಂದಳು. ಊರಿಗೆ ಬರುವಾಗ ಕಾಕಾ ಎಡಕ್ಕೆ ಹೊರಳುವ ದಾರಿ ಎಲ್ಲೆಲ್ಲಿ ಇತ್ತೋ ಅಲ್ಲೆಲ್ಲ ಸುಮ್ಮಸುಮ್ಮನೆ ಹೊರಳಿಸಿದ. ಹಿಂದೆ ನನ್ನ ಪಕ್ಕ ಕೂತ ಮುತ್ಯಾ ಒಂದೊಂದು ತಿರುವಿನಲ್ಲೂ ಉಸಿರು ಹಿಡಿದು, ತಿರುವು ದಾಟಿದ ಮೇಲೆ ಬಿಡುತ್ತಿದ್ದ. ಊರ ತಿರುವಿನ ಹೊತ್ತಿಗೆ ಅವನು ನಿದ್ದೆ ಹೋಗಿದ್ದ. ಅಷ್ಟು ಗಾಢ ನಿದ್ದೆಯಲ್ಲಿ ಅವನನ್ನು ನಾನು ಮೊದಲು ಕಂಡಿರಲಿಲ್ಲ.

ಗಂಗತ್ತಿ ರಾಮದುರ್ಗಕ್ಕೆ ಮರಳಲಿಲ್ಲ. ದೀಪಾವಳಿಯ ಮರುವಾರ ಜೀಪಿನಲ್ಲೇ ಬೈಲಹೊಂಗಲಕ್ಕೆ ಹೋಗಿ ಹೆಣ್ಣು ಹಡೆದಳು. ಮಳೆ ಇರಲಿಲ್ಲ, ದಾರಿ ಒಣಗಿತ್ತು, ಹೇಳುವಂಥದ್ದೇನೂ ಆಗಲಿಲ್ಲ. ಅಮಾವಾಸ್ಯೆಗೆ ಜೀಪು ಹೊರಗೆ ತೆಗೆಯದ ಪದ್ಧತಿಯನ್ನು ಕಾಕಾ ಕೊನೆಯ ತನಕ ನಡೆಸಿದ, ಚಾಷ್ಟಿ ಮಾಡುವುದನ್ನು ಬಿಟ್ಟ.

ಈಗ ಆ ಮನೆಯಿಲ್ಲ. ಚಪ್ಪರದ ಕಂಬಗಳು ಯಾರ ಮನೆಯ ತೊಲೆಯಾದವೋ ನನಗೆ ತಿಳಿಯದು. ಮುತ್ಯಾ ಆ ದಶಕ ಮುಗಿಯುವ ಮೊದಲೇ, ಒಂದು ಬೇಸಿಗೆಯ ಮುಂಜಾನೆ, ಕಟ್ಟೆಯ ಮೇಲೆ ಕೂತಲ್ಲೇ ಹೋದ. ಜೀಪನ್ನು ಕಾಕಾ ಗುಜರಿಗೆ ಕೊಟ್ಟ. ಕೊಡುವಾಗ ಮುಂದಿನ ಅಚ್ಚು ಇನ್ನೂ ಚಲೋ ಇತ್ತು ಎಂದು ಬಹಳ ಸಲ ಹೇಳುತ್ತಿದ್ದ. ಅವನೂ ಹೋದ, ಎರಡು ಸಾವಿರದ ದಶಕದಲ್ಲಿ, ಇನ್ನೂ ತಲೆ ನೆರೆಯದ ವಯಸ್ಸಿನಲ್ಲಿ. ಇಮಾಮಸಾಬರ ಶೆಡ್ಡು ರಸ್ತೆ ಅಗಲ ಮಾಡುವಾಗ ಹೋಯಿತು, ಬೇವಿನ ಗಿಡವೂ ಹೋಯಿತು. ಅವರು ತೀರಿಕೊಂಡದ್ದು ನನಗೆ ತಿಳಿದದ್ದು ತಡವಾಗಿ.

ಹೋದ ತಿಂಗಳು ರಾಮದುರ್ಗಕ್ಕೆ ಹೋಗಿ ಗಂಗತ್ತಿಗೆ ಇದನ್ನೆಲ್ಲ ಓದಿ ಹೇಳಿದೆ. ಆಕೆ ಕಣ್ಣು ಮುಚ್ಚಿ ಕೇಳಿದಳು. ಒಂದೇ ತಿದ್ದುಪಡಿ ಮಾಡಿದಳು: ಕೈ ನಡುಗುತ್ತಿದ್ದದ್ದು ಮುತ್ಯಾನದಲ್ಲ, ಡಬ್ಬಿ ಇಟ್ಟ ತನ್ನದು ಎಂದಳು. ನಾನು ನಿಂತ ಜಾಗದಿಂದ ನನಗೆ ಕಂಡದ್ದು ಹಾಗೆ. ಆಕೆಯದನ್ನೂ ಇಲ್ಲಿ ಬರೆದಿದ್ದೇನೆ. ಆಕೆಯ ಮಗಳು ಒಳಗೆ ಚಹಾ ಮಾಡುತ್ತಿದ್ದಳು. ಅವಳೂ ಆ ಮಧ್ಯಾಹ್ನ ಅಲ್ಲಿದ್ದವಳೇ, ಆದರೆ ಕಂಡವರಲ್ಲಿ ಅವಳನ್ನು ಎಣಿಸುವಂತಿಲ್ಲ. ಕಂಡವರಲ್ಲಿ ಈಗ ಇರುವವರು ನಾನು, ಮತ್ತು ರಾಮದುರ್ಗದ ಗಂಗವ್ವ, ನನ್ನ ಅತ್ತಿ.